ಇಪ್ಪತ್ತೆಂಟು ಸಾವಿರದ ‘ಇಟಲಿ’ ರಿವಾಲ್ವರ್ ತಗೋಬ್ಯಾಡ್ರಿ

ಈ ಸಲ ಬೀಜ-ಗೊಬ್ಬರದ ಮಾತಲ್ಲ. ಗೋವಿನಜೋಳ ಹಾಲುಗಾಳಿಗೆ ಬಂದೈತಿ, ಕಾಲುವೆ ಕಡೆ ಕಬ್ಬಿನಾಗಿಂದ ರಾತ್ರಿ ಕಾಡಹಂದಿ ಎದ್ದು ಬರಾಕ ಹತ್ಯಾವ. ಇಂಥಾ ಹೊತ್ತು ನೋಡಿ ಸೌದತ್ತಿ, ರಾಮದುರ್ಗ ಕಡೆ ಹುಡುಗ್ರ ಮೊಬೈಲಿನಾಗ ಒಂದು ಫೋಟೋ ತಿರುಗಾಡ್ತಾ ಐತಿ. ಕಟ್ಟಿಗಿ ಹಿಡಿ, ಉದ್ದನ ನಳಿಗಿ, ಇಂಗ್ಲಿಷ್ ಕೌಬಾಯ್ ಸಿನಿಮಾದಾಗ ಕುದುರಿ ಮ್ಯಾಲಿನ ಹೀರೋ ಸೊಂಟದಾಗ ಇರೋ ಅಂಥಾದ್ದು. ಕೆಳಗ ಬರದಾರ: ಇಟಲಿ ಮಾಲು, ಸಿಂಗಲ್ ಆಕ್ಷನ್, ಹೊಲ ಕಾಯೋರಿಗೆ ಭಾರಿ ಛಲೋ, 28 ಸಾವಿರ, ಇಪ್ಪತ್ತು ಕಾಡತೂಸ ಪುಕ್ಕಟೆ.

ಮೂರು ಮಂದಿ ನನಗ ಕೇಳ್ಯಾರ, ‘ಕಾಕಾ, ನೀವು ಫೌಜಿನಾಗ ಹತಾರ ರಿಪೇರಿ ಮಾಡಿದೋರು, ಇದು ಹೆಂಗ?’ ಅಂತ. ಅದರಾಗ ಒಬ್ಬಾಂವ ಎಮ್ಮಿ ಮಾರಾಕ ಗಿರಾಕಿ ನೋಡಿ ಇಟ್ಟಾನ. ಹಾಲು ಕೊಡೋ ಎಮ್ಮಿ! ಹೆಸರು ಹೇಳೋದಿಲ್ಲ, ಓದಿದ್ರ ಅವಗ ಗೊತ್ತಾಗತೈತಿ. ಅವಗ ಅಂತನ ಇಷ್ಟು ಉದ್ದ ಬರಿಯಾಕ ಹತ್ತೇನಿ. ಉಳಿದವರೂ ಓದ್ರಿ, ಯಾಕಂದ್ರ ಗನ್ನಿನ ವಿಷಯದಾಗ ನಮ್ಮ ಕಡೆ ಖರೆ ಮಾತಿಗಿಂತ ಕಟ್ಟೀ ಮಾತು ಹೆಚ್ಚು.

ಮೊದಲು ಸಿಂಗಲ್ ಆಕ್ಷನ್ ಅಂದ್ರೇನು ಅನ್ನೋದು. ಬಹಳ ಮಂದಿ ಇದನ್ನ ‘ಒಂದ ಗುಂಡಿಂದು’ ಅಂತ ತಿಳಕೊಂಡಾರ. ಹಂಗಲ್ಲ. ಗುಂಡು ಸಾಮಾನ್ಯವಾಗಿ ಆರ ಇರತಾವ. ಆದ್ರ ಟ್ರಿಗರ್ ಒಂದ ಕೆಲಸ ಮಾಡತೈತಿ, ಹಿಂದಿನ ಹ್ಯಾಮರ್ ಬಿಟ್ಟು ಕೊಡೋದು. ಹ್ಯಾಮರ್ ಎಳೆಯೋದು ನಿಮ್ಮ ಹೆಬ್ಬೆರಳು. ಪ್ರತಿ ಸಲ ಎಳಿಬೇಕು, ಎಳದಾಗ ಸಿಲಿಂಡರ್ ಒಂದು ಮನಿ ತಿರುಗತೈತಿ, ಆಮ್ಯಾಲ ಒತ್ತಬೇಕು. ಡಬಲ್ ಆಕ್ಷನ್ನಿನಾಗ ಟ್ರಿಗರ್ ಒತ್ತಿದರ ಹ್ಯಾಮರ್ ತಾನ ಎದ್ದು ತಾನ ಬೀಳತೈತಿ. ಪೊಲೀಸರ ಹತ್ರ, ಬ್ಯಾಂಕಿನ ಕ್ಯಾಶ್ ಗಾಡಿಯವರ ಹತ್ರ ಕಾಣೋ ರಿವಾಲ್ವರ್ ಎಲ್ಲಾ ಡಬಲ್ ಆಕ್ಷನ್ನ. ಸಿಂಗಲ್ ಆಕ್ಷನ್ನಿಗೆ ಮತ್ತೊಂದು ತ್ರಾಸು ಐತಿ. ಸಿಲಿಂಡರ್ ಹೊರಗ ಬಾಗಂಗಿಲ್ಲ. ಬಲಕ್ಕ ಒಂದು ಸಣ್ಣ ಬಾಗಲ ತಗದು, ಖಾಲಿ ಕೋಶ ಒಂದೊಂದ ಕಡ್ಡಿಲೇ ದೂಕಿ ಹೊರಗ ಹಾಕಿ, ಹೊಸಾದು ಒಂದೊಂದ ತುಂಬಬೇಕು. ಕತ್ತಲದಾಗ, ಕೈ ನಡುಗೋ ಹೊತ್ತಿನಾಗ ಇದನ್ನ ಮಾಡ್ತೇನಿ ಅನ್ನಾಂವ ಒಂದ್ಸಲ ಕಣ್ಣು ಕಟ್ಟಿಕೊಂಡು ಸ್ಪ್ರೇಯರಿನ ನಾಝಲ್ ಬಿಚ್ಚಿ ಜೋಡಿಸಿ ನೋಡಲಿ.

ಈ ನಮೂನಿ ಹುಟ್ಟಿದ್ದು ಅಮೆರಿಕಾದಾಗ, ಕೋಲ್ಟ್ ಕಂಪನಿಯದು, 1873ರಾಗ. ನೂರೈವತ್ತು ವರ್ಷದ ಹಿಂದಿನ ವಿಚಾರ. ಅಲ್ಲಿ ಈಗಲೂ ಅದರ ಮ್ಯಾಲ ಮೋಹ ಹೋಗಿಲ್ಲ. ಹಳೇ ನಮೂನಿ ಹಂಗ ಮಾಡಿ ಕೊಡೋದು ಇಟಲಿಯವರ ಕಸುಬು. ಬ್ರೆಷಾ ಪ್ರಾಂತ್ಯದ ಗಾರ್ದೋನೆ ಅನ್ನೋ ಕಣಿವಿ ಊರಿನ ಸುತ್ತ ನೂರಾರು ವರ್ಷದಿಂದ ಬಂದೂಕು ಮಾಡೋರು ಅದಾರ. ಉಬೆರ್ತಿ, ಪಿಯೆತ್ತಾ ಅಲ್ಲಿನ ಹೆಸರುವಾಸಿ ಕಂಪನಿಗಳು. ಉಬೆರ್ತಿ ಸುರು ಆಗಿದ್ದು 1959ರಾಗ. ಕೌಬಾಯ್ ಸಿನಿಮಾನೂ ಇಟಲಿಯವರು ಮಾಡಿದರು, ಕೌಬಾಯ್ ರಿವಾಲ್ವರೂ ಮಾಡಿದರು, ಎರಡನ್ನೂ ಅಮೆರಿಕಾದವರಿಗೇ ಮಾರಿದರು. ವ್ಯಾಪಾರ ಅಂದ್ರ ಹಿಂಗಿರಬೇಕು ನೋಡ್ರಿ, ನಾವು ಉಳ್ಳಾಗಡ್ಡಿ ಬೆಳದು ದಲ್ಲಾಳಿ ಬಾಯಿ ನೋಡ್ಕೋತ ಕೂಡ್ತೇವಿ. ಇರಲಿ. ಜರ್ಮನಿಯಿಂದನೂ ಅಗ್ಗದ್ದು ಬರ್ತಿದ್ದವು. ಅಮೆರಿಕಾದಾಗ .22 ಬೋರಿನ ಅಗ್ಗದ ಸಿಂಗಲ್ ಆಕ್ಷನ್ 200 ಡಾಲರಿನ ಆಸುಪಾಸು, ಇಟಲಿಯ ದೊಡ್ಡ ಬೋರಿಂದು 400-500 ಡಾಲರಿನಿಂದ ಮ್ಯಾಲ. ಈ ರೇಟು ಯೂಟ್ಯೂಬಿನಾಗ ನೋಡೇ ನಮ್ಮ ಹುಡುಗ್ರು ‘28 ಸಾವಿರ ಬರೋಬ್ಬರಿ ಐತಿ’ ಅಂತ ಲೆಕ್ಕಾ ಹಾಕ್ಯಾರ.

ಲೆಕ್ಕಾ ತಪ್ಪಿದ್ದು ಎಲ್ಲಿ ಅಂದ್ರ, ಆ ರೇಟಿಗೂ ನಮ್ಮ ದೇಶಕ್ಕೂ ಸಂಬಂಧನ ಇಲ್ಲ. 1980ರ ದಶಕದ ನಡುವಿನಿಂದ ನಮ್ಮ ದೇಶದಾಗ ಸಾಮಾನ್ಯ ಮನುಷ್ಯಾ ವಿದೇಶಿ ಪಿಸ್ತೂಲು, ರಿವಾಲ್ವರ್ ತರಿಸೋದು ಬಂದ್ ಐತಿ. ಹೆಸರು ಮಾಡಿದ ಶೂಟರುಗಳಿಗೆ ಅಷ್ಟ ಸಡಿಲ. ಹಂಗಾಗಿ ಮೊದಲ ಬಂದು ಲೈಸೆನ್ಸಿನ ಮ್ಯಾಲ ಕೈಯಿಂದ ಕೈಗೆ ದಾಟಿದ ಹಳೇ ವೆಬ್ಲಿ ಸ್ಕಾಟಿನಂಥವು ಲಕ್ಷಗಟ್ಟಲೆ ಬಾಳತಾವ. ಮಾಲು ಛಲೋ ಐತಿ ಅಂತಲ್ಲ, ಹೊಸಾದು ಬರಂಗಿಲ್ಲ ಅಂತ. ನಮ್ಮ ಸರಕಾರದ ಕಾನಪುರ ಕಾರ್ಖಾನೆ 2014ರಾಗ ಹೆಣ್ಣಮಕ್ಕಳಿಗೆ ಅಂತ ‘ನಿರ್ಭೀಕ್’ ಅನ್ನೋ .32 ಬೋರಿನ ಹಗುರ ರಿವಾಲ್ವರ್ ತಂತು, ಅರ್ಧ ಕೆ.ಜಿ. ತೂಕ. ಅದಕ್ಕ ಆಗಿನ ರೇಟು 1 ಲಕ್ಷ 22 ಸಾವಿರ. ದೇಶದಾಗ ಮಾಡಿದ್ದಕ್ಕ ಹತ್ತು ವರ್ಷದ ಹಿಂದ ಆ ರೇಟು ಇದ್ದಾಗ, ಇಟಲಿಯಿಂದ ಹಡಗಿನಾಗ ಬಂದದ್ದು ರಾಮದುರ್ಗದಾಗ 28 ಸಾವಿರಕ್ಕ ಹೆಂಗ ಸಿಗತೈತಿ? ಎಲ್ಲಾರೂ ಲಕ್ಷಕ್ಕ ಕೇಳೋ ಎತ್ತನ್ನ ಒಬ್ಬಾಂವ ಸಂತಿಯಾಗ ಹತ್ತು ಸಾವಿರಕ್ಕ ಕೊಡ್ತೇನಿ ಅಂದ್ರ ನೀವು ಮೊದಲು ಅದರ ಕಾಲು ನೋಡ್ತೀರಿ, ಆಮ್ಯಾಲ ಅದನ್ನ ಕದ್ದು ತಂದಾನೇನು ಅಂತ ನೋಡ್ತೀರಿ. ಇಲ್ಲಿ ಎರಡೂ ನೋಡಲಾರದ ಎಮ್ಮಿ ಮಾರಾಕ ನಿಂತ್ರಲ್ಲ?

ಈಗ ಫೋಟೋಕ್ಕ ಬರೋಣು. ಮೊಬೈಲಿನಾಗ ದೊಡ್ಡದು ಮಾಡಿ ನೋಡಿದೆ. ನಳಿಗಿ ಮ್ಯಾಲ ಕೊರದ ಅಕ್ಷರ ಒಂದು ಮ್ಯಾಲ ಒಂದು ಕೆಳಗ, ಕೈಲೇ ಪಂಚ್ ಹೊಡದಂಗ. ಇಟಲಿ ಅನ್ನೋ ಇಂಗ್ಲಿಷ್ ಸ್ಪೆಲ್ಲಿಂಗಿನಾಗ ಎರಡು ಅಕ್ಷರ ಹಿಂದ-ಮುಂದ ಆಗ್ಯಾವ. ತನ್ನ ದೇಶದ ಹೆಸರು ತಪ್ಪು ಬರಿಯೋ ಕಾರ್ಖಾನೆ ಜಗತ್ತಿನಾಗ ಎಲ್ಲೂ ಇಲ್ಲ. ಖರೆ ಇಟಲಿ ಹತಾರಕ್ಕ ಗಾರ್ದೋನೆಯ ಸರಕಾರಿ ಪರೀಕ್ಷಾ ಮನಿಯ ಮುದ್ರಿ ಇರತೈತಿ. ಹೆಚ್ಚಿನ ಮದ್ದು ಹಾಕಿ ಹೊಡದು, ಒಡಿಯಂಗಿಲ್ಲ ಅಂತ ಖಾತ್ರಿ ಮಾಡಿ, ಆಮ್ಯಾಲ ನಕ್ಷತ್ರದ ಮುದ್ರಿ ಒತ್ತತಾರ. ಯಾವ ವರ್ಷದ್ದು ಅಂತ ಸಣ್ಣ ಚೌಕದಾಗ ಅಕ್ಷರದ ಗುರುತೂ ಇರತೈತಿ. ನಮ್ಮ ದೇಶದ ಕಾರ್ಖಾನೆ ಗನ್ನಿಗೂ ಇಂಥಾ ಪ್ರೂಫ್ ಮುದ್ರಿ ಬೇಕ. ಫೋಟೋದಾಗಿನ ಮಾಲಿಗೆ ಒಂದೂ ಇಲ್ಲ. ಸಿಲಿಂಡರಿನ ಮನಿಗಳ ನಡುವಿನ ಗ್ವಾಡಿ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗ. ಇದು ಯಾವುದೋ ಕಳ್ಳ ಕುಲುಮಿಯಾಗ, ಸಣ್ಣ ಲೇಥಿನ ಮ್ಯಾಲ ತಿರುವಿದ್ದು.

ಬಿಹಾರದ ಮುಂಗೇರದ ಹೆಸರು ಕೇಳೀರಿ. ಅಲ್ಲಿ ಲೈಸೆನ್ಸ್ ಇದ್ದು ಕಾಯ್ದೆ ಪ್ರಕಾರ ಬಂದೂಕು ಮಾಡೋ ಕಾರ್ಖಾನೆನೂ ಅದಾವ, ಕಳ್ಳ ಕುಲುಮಿನೂ ಅದಾವ. ಕಳ್ಳ ಮಾಲಿನ ಮ್ಯಾಲ ಅಮೆರಿಕಾ, ಇಟಲಿ ಅಂತ ಹೆಸರು ಹೊಡಿಯೋದು ಹಳೇ ಪದ್ಧತಿ. ಮಧ್ಯಪ್ರದೇಶದ ಕಡೆಯಿಂದ ಬಂದ ಕಂಟ್ರಿ ಪಿಸ್ತೂಲು ವಿಜಯಪುರ ಜಿಲ್ಲೆಯಾಗ ಸಿಕ್ಕ ಸುದ್ದಿ ಪೇಪರಿನಾಗ ಎಷ್ಟು ಸಲ ಓದಿಲ್ಲ? ಭೀಮಾ ತೀರದ ಹೆಸರು ಅದರಿಂದನ ಕೆಟ್ಟಿದ್ದು. ಅಲ್ಲಿಯೂ ಮಂದಿ ನಮ್ಮಂಗ ಒಕ್ಕಲುತನದವರ, ನಿಂಬಿ-ದ್ರಾಕ್ಷಿ ಬೆಳಿಯೋರು. ಮಲಪ್ರಭಾ ದಂಡಿಗೆ ಆ ಹೆಸರು ಬರೋದು ನನಗ ಬ್ಯಾಡ.

ಕಾಯ್ದೆ ಏನು ಹೇಳತೈತಿ ಅಂತ ಒಂದ ಸಲ ಹೇಳಿ ಬಿಡ್ತೇನಿ. 1959ರ ಆಯುಧ ಕಾಯ್ದೆಗೆ 2019ರಾಗ ತಿದ್ದುಪಡಿ ಆದ ಮ್ಯಾಲ, ಲೈಸೆನ್ಸ್ ಇಲ್ಲದ ಇಂಥಾ ಹತಾರ ಇಟ್ಟುಕೊಂಡಾವಗ ಕಮ್ಮೀತ ಕಮ್ಮಿ 2 ವರ್ಷ, ಹೆಚ್ಚಂದ್ರ 5 ವರ್ಷ ಜೈಲು, ಮ್ಯಾಲ ದಂಡ. ಕಳ್ಳತನದಿಂದ ಮಾಡಿ ಮಾರಿದಾವಗ 7 ವರ್ಷದಿಂದ ಜೀವಾವಧಿ. ಮದುವಿ ಮೆರವಣಿಗಿಯಾಗ ಮ್ಯಾಲಕ್ಕ ಗುಂಡು ಹಾರಿಸಿ ಮಂದಿ ಜೀವಕ್ಕ ಕುತ್ತು ತಂದರ, ಲೈಸೆನ್ಸ್ ಇದ್ದರೂ 2 ವರ್ಷದವರೆಗೆ ಜೈಲು ಇಲ್ಲಾ 1 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ‘ಹೊಲ ಕಾಯಾಕ ಇಟ್ಟಿದ್ದೆ ಸಾಹೇಬ್ರ’ ಅನ್ನೋ ಮಾತು ಅಲ್ಲಿ ನಡಿಯಂಗಿಲ್ಲ. ಹುಡುಗ ಒಳಗ, ಅಪ್ಪ ವಕೀಲರ ಫೀಗೆ ಅಂತ ಎರಡು ಎಕರೆ ಎರಿ ಹೊಲ ಅಡವು ಇಟ್ಟು ಕೋರ್ಟಿನ ಕಟ್ಟಿ ಮ್ಯಾಲ.

ಸರಿ, ಒಬ್ಬಾಂವ ಕೇಳಿದ: ‘ಕಾಕಾ, ಖರೇನ ಇಟಲಿದು ಇದ್ದು, ಲೈಸೆನ್ಸೂ ಇದ್ರ ಆಗ ಛಲೋ ಹೌದಲ್ಲೋ?’ ಇದು ಕೇಳಬೇಕಾದ ಪ್ರಶ್ನಿ. ಅದಕ್ಕ ಅಗ್ಗದ ರಿವಾಲ್ವರ್ ಹೆಂಗ ಪರೀಕ್ಷಾ ಮಾಡ್ತಾರ ಅನ್ನೋದು ಹೇಳ್ತೇನಿ, ಆ ಕಣ್ಣು ನಿಮಗ ಬ್ಯಾರೆ ಸಾಮಾನಿಗೂ ಉಪಯೋಗ ಆಗತೈತಿ.

ಖಾಲಿ ಐತಿ ಅಂತ ಎರಡು ಸಲ ನೋಡಿಕೊಂಡು, ಹ್ಯಾಮರ್ ಮೆಲ್ಲಕ ಎಳಿಬೇಕು. ಹ್ಯಾಮರ್ ಪೂರ್ತಿ ಹಿಂದ ಹೋಗಿ ಕೂಡೋ ಹೊತ್ತಿಗೆ ಸಿಲಿಂಡರ್ ಗಚ್ಚಂತ ಲಾಕ್ ಆಗಿರಬೇಕು. ಮೊದಲ ಹ್ಯಾಮರ್ ಕುಂತು, ಸಿಲಿಂಡರ್ ಇನ್ನೂ ಅರ್ಧ ದಾರಿಯಾಗ ಇದ್ರ ಅದರ ಟೈಮಿಂಗ್ ಹೋಗೈತಿ. ಅಂಥಾದ್ದು ಹೊಡದಾಗ ಗುಂಡು ನಳಿಗಿ ಬಾಯಿಗೆ ನೆಟ್ಟಗ ಹೋಗಲಾರದ ದಂಡಿಗೆ ಬಡದು, ಸೀಸದ ಚೂರು ಪಕ್ಕಕ್ಕ ಸಿಡಿತಾವ. ಬಾಜೂಕ ನಿಂತಾವನ ಕಣ್ಣು ಹೋಗಬಹುದು. ಆರೂ ಮನಿಗೆ ಬ್ಯಾರೆ ಬ್ಯಾರೆ ನೋಡಬೇಕು. ಐದು ಬರೋಬ್ಬರಿ ಇದ್ದು ಒಂದು ಕೆಟ್ಟಿದ್ದೂ ಇರತಾವ. ಲಾಕ್ ಆದ ಮ್ಯಾಲ ಸಿಲಿಂಡರ್ ಬೆರಳಿನಿಂದ ಅಲ್ಲಾಡಿಸಿದರ ಕೂದಲೆಳಿಯಷ್ಟು ಆಟ ಇರಲಿ, ಹಿಂದ-ಮುಂದ ಲಡಬಡ ಅಂದ್ರ ಬ್ಯಾಡ. ಸಿಲಿಂಡರಿಗೂ ನಳಿಗಿಗೂ ನಡುವ ಒಂದೆರಡು ಹಾಳಿ ಕಾಗದ ಹೋಗೋ ಅಷ್ಟ ಸಂದಿ ಇರಬೇಕು. ಹೆಚ್ಚಿದ್ರ ಬೆಂಕಿ ಪಕ್ಕಕ್ಕ ಬರತೈತಿ, ಏನೂ ಇರದಿದ್ರ ನಾಕು ಗುಂಡಿಗೆ ಮಸಿ ಹತ್ತಿ ತಿರುಗೂದು ಬಿಡತೈತಿ.

ಆಮ್ಯಾಲ ಲೋಹ. ಅಗ್ಗ ಮಾಡಾಕ ಕಂಪನಿಯವರು ಕೈ ಹಚ್ಚೋದು ಇಲ್ಲೇ. ಉಕ್ಕಿನ ಬದಲಿ ಜಿಂಕ್ ಮಿಶ್ರಣ ಅಚ್ಚಿಗೆ ಹೊಯ್ದು ಫ್ರೇಮ್ ಮಾಡತಾರ, ಮ್ಯಾಲ ಕರೀ ಬಣ್ಣ. ನೋಡಾಕ ಒಂದ. ಜಿಂಕ್ ಮಿಶ್ರಣ ಸುಮಾರು 400 ಡಿಗ್ರಿ ಒಳಗ ಕರಗತೈತಿ, ಉಕ್ಕಿಗೆ 1400ರ ಆಸುಪಾಸು ಬೇಕು. .22ರಂಥ ಸಣ್ಣ ಕಾಡತೂಸಕ್ಕ ಆ ಫ್ರೇಮ್ ವರ್ಷಗಟ್ಟಲೆ ತಡಿತೈತಿ, ಸುಳ್ಳು ಹೇಳಬಾರದು. ಆದ್ರ ಒಮ್ಮೆ ಸವದ್ರ, ಇಲ್ಲಾ ಸ್ಕ್ರೂ ಮನಿ ಹರದ್ರ ರಿಪೇರಿ ಇಲ್ಲ. ನಮ್ಮ ಅಗ್ಗದ ಬ್ಯಾಟರಿ ಸ್ಪ್ರೇಯರ್, ಬ್ರಷ್ ಕಟರ್ ನೋಡ್ರಿ. ಹೊರಗ ಥಳಥಳ, ಗೇರ್ ಬಾಕ್ಸ್ ಒಡದ್ರ ಒಳಗ ಬೂದಿ ಬಣ್ಣದ ಕಾಳು ಕಾಳು ಲೋಹ. ಕಮ್ಮಾರ ‘ಇದಕ್ಕ ಬೆಸುಗಿ ಹತ್ತಂಗಿಲ್ಲ’ ಅಂತಾನ. ಅದ ಜಾತಿ.

ಮೂರನೇದು ಬಿದ್ದಾಗ ಹಾರೋ ಭಯ. ಹಳೇ ನಮೂನಿ ಸಿಂಗಲ್ ಆಕ್ಷನ್ನಿನಾಗ ಹ್ಯಾಮರ್ ನೆಟ್ಟಗ ಕಾಡತೂಸದ ಮ್ಯಾಲ ಕುಂತಿರತೈತಿ. ಕೈ ಜಾರಿ ಹ್ಯಾಮರ್ ಕೆಳಗಾಗಿ ಕಲ್ಲಿನ ಮ್ಯಾಲ ಬಿದ್ರ ಹಾರತೈತಿ. ಅದಕ್ಕ ತಿಳದೋರು ಆರು ಮನಿಯಾಗ ಐದ ತುಂಬಿ, ಹ್ಯಾಮರ್ ಕೆಳಗಿಂದು ಖಾಲಿ ಇಡ್ತಿದ್ರು. ಅಮೆರಿಕಾದ ರೂಗರ್ ಕಂಪನಿ 1973ರಾಗ ನಡುವ ಒಂದು ಪಟ್ಟಿ ಹಾಕಿ ಇದನ್ನ ಸರಿ ಮಾಡಿತು. ಟ್ರಿಗರ್ ಒತ್ತಿದಾಗಷ್ಟ ಆ ಪಟ್ಟಿ ಎದ್ದು ಪೆಟ್ಟು ದಾಟಸತೈತಿ. ಹಳೇ ನಮೂನಿ ಹಂಗ ಬೇಕು ಅನ್ನೋರಿಗೆ ಮಾಡಿದ ಎಷ್ಟೋ ಮಾಲಿನಾಗ ಆ ಪಟ್ಟಿ ಇರಂಗಿಲ್ಲ. ಬದುವಿನ ಮ್ಯಾಲ, ಕಾಲುವಿ ದಾಟೋವಾಗ, ಕತ್ತಲದಾಗ ಓಡೋ ಮನುಷ್ಯಾನ ಸೊಂಟದಾಗ ಇದು ಇದ್ರ ಹಂದಿಗಿಂತ ಅವನ ತೊಡಿಗೆ ಅಪಾಯ ಹೆಚ್ಚು.

ಅಗ್ಗದ ಆಮದು ರಿವಾಲ್ವರಿನ ಕಾಟ ಅಮೆರಿಕಾಕ್ಕೂ ತಪ್ಪಿಲ್ಲ. 1968ರಾಗ ಅವರು ಕಾಯ್ದೆ ಮಾಡಿ ಸಣ್ಣ, ಹಗುರ, ಅಗ್ಗದ ರಿವಾಲ್ವರ್ ಹೊರಗಿಂದ ಬರೋದು ನಿಲ್ಲಿಸಿದರು. ಜರ್ಮನಿಯ ರೋಮ್ ಕಂಪನಿ ಏನು ಮಾಡ್ತು? ಬಿಡಿ ಭಾಗ ಕಳಿಸಿ ಮಯಾಮಿಯಾಗ ಜೋಡಿಸಿ ಮಾರಿತು. 1981ರಾಗ ಅಧ್ಯಕ್ಷ ರೇಗನ್ ಅವರಿಗೆ ಬಿದ್ದ ಗುಂಡು ಅಂಥಾ ಒಂದು ರೋಮ್ ರಿವಾಲ್ವರಿಂದು. ಅಗ್ಗದ ಮಾಲಿಗೆ ಒಂದು ಬಾಗಲ ಮುಚ್ಚಿದ್ರ ಇನ್ನೊಂದು ಬಾಗಲದಿಂದ ಬರತೈತಿ, ನಕಲಿ ಬೀಜದ ಪಾಕೀಟು ನೋಡಿದವರಿಗೆ ಇದು ಹೊಸಾದಲ್ಲ.

ಹಂಗಂತ ಇಟಲಿಯ ಛಲೋ ಕಂಪನಿ ಮಾಲು ಕೆಟ್ಟದ್ದು ಅನ್ನೋದಿಲ್ಲ. ಉಕ್ಕು ಛಲೋ, ಕೆಲಸ ನಾಜೂಕು, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಆದ್ರ ಅದು ನಿಶಾನಿ ಆಟಕ್ಕ, ಹಳೇ ಕಾಲದ ಹೌಸಿಗೆ. ನಮ್ಮ ಹೊಲಕ್ಕ ಅಲ್ಲ. ಕೈಬಂದೂಕು ಹಿಡದು ಹಗಲ ಹೊತ್ತಿನಾಗ, ನಿಂತ ಹಲಗಿಗೆ ಇಪ್ಪತ್ತು ಹೆಜ್ಜಿ ದೂರದಿಂದ ಹೊಡಿಯೋದ ಕಲತವರಿಗೂ ಸಸಾರ ಅಲ್ಲ. ರಾತ್ರಿ, ತೆನಿ ಎತ್ತರ ಬೆಳದ ಗೋವಿನಜೋಳದಾಗ, ಓಡೋ ಹಂದಿಗೆ? ಗುಂಡು ಹೋಗಿ ಬಾಜೂ ಹೊಲದ ಅಟ್ಟದ ಮ್ಯಾಲ ಮಲಗಿದಾವಗ ತಗಲತೈತಿ. ಇನ್ನ ಹಂದಿ ಹೊಡಿಯೋದಕ್ಕೂ ಅರಣ್ಯ ಇಲಾಖೆ ಅಪ್ಪಣಿ ಬೇಕು, ಅದು ವನ್ಯಜೀವಿ ಕಾಯ್ದೆಯ ಪಟ್ಟಿಯಾಗ ಐತಿ. ನವಿಲಂತೂ ಮುಟ್ಟಂಗೇ ಇಲ್ಲ, ನಮ್ಮ ಡ್ಯಾಮಿಗೆ ಅದರ ಹೆಸರ ಐತಲ್ಲ.

ಬೆಳಿ ಕಾಯಾಕ ಬಂದೂಕು ಬೇಕ ಬೇಕು ಅನ್ನೋರಿಗೆ ಕಾಯ್ದೆಯೊಳಗ ದಾರಿ ಐತಿ. ಆಯುಧ ಕಾಯ್ದೆಯ 13ನೇ ಕಲಮಿನಾಗ ಖರೇನ ಬೆಳಿ ರಕ್ಷಣಾಕ್ಕ ಬಾಯಿಂದ ಮದ್ದು ತುಂಬೋ ಬಂದೂಕು, ಸ್ವರಕ್ಷಣಾಕ್ಕ 20 ಇಂಚಿಗೆ ಕಮ್ಮಿ ಇಲ್ಲದ ನಳಿಗಿಯ ಸಾದಾ ಬಂದೂಕು ಅಂತ ಬ್ಯಾರೆನ ಹೇಳ್ಯಾರ. ರಿವಾಲ್ವರಿನ ಮಾತು ಆ ಸಾಲಿನಾಗ ಇಲ್ಲ, ಅದಕ್ಕ ಜೀವಕ್ಕ ಅಪಾಯ ಐತಿ ಅಂತ ಬ್ಯಾರೆ ಕಾರಣ ತೋರಸಬೇಕು. ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ, ಪೊಲೀಸ್ ವರದಿ, ತರಬೇತಿ ಪ್ರಮಾಣಪತ್ರ. ತಿಂಗಳುಗಟ್ಟಲೆ ಹಿಡಿತೈತಿ. ಕೊಡಗಿನವರಿಗೆ ವಿನಾಯಿತಿ ಐತಿ, 2029ರವರೆಗೆ ಮುಂದುವರಸ್ಯಾರ, 2021ರಾಗ ಹೈಕೋರ್ಟೂ ಅದನ್ನ ಎತ್ತಿ ಹಿಡದೈತಿ. ನಮಗ ಅದು ಲಾಗೂ ಇಲ್ಲ. ಕಿತ್ತೂರಿನ ನಾಡಿನವರು ನಾವು, 1824ರಾಗ ಥ್ಯಾಕರೆಯನ್ನ ಗುಂಡಿಗೆ ಕೆಡವಿದ ಅಮಟೂರ ಬಾಳಪ್ಪ ನಮ್ಮಾಂವ, 1857ರಾಗ ಹತಾರ ಒಪ್ಪಸಂಗಿಲ್ಲ ಅಂತ ನಿಂತ ಹಲಗಲಿ ಬೇಡರು ರಾಮದುರ್ಗದ ಆಚಿ ಮುಧೋಳ ತಾಲೂಕಿನವರು. ಆದ್ರೂ ಎಲೆಕ್ಷನ್ ಬಂತಂದ್ರ ಗನ್ನು ಠಾಣೇಕ ಒಪ್ಪಿಸಿ ರಸೀದಿ ತಗೊಂಡು ಬರ್ತೇವಿ. 2023ರಾಗ ವಿಧಾನಸಭೆ, 2024ರಾಗ ಲೋಕಸಭೆ, ಎರಡು ಸಲ ನಾನೂ ಕೊಟ್ಟು ಬಂದೇನಿ. ಬ್ಯಾಂಕ್ ಕಾವಲಿನ ನೌಕರಿ ಮಾಡೋ ಮಾಜಿ ಸೈನಿಕರಂಥವರಿಗೆ ಅರ್ಜಿ ಕೊಟ್ರ ಬಿಡ್ತಾರ.

ಲೈಸೆನ್ಸ್ ಆದವರು ಹಳೇ 12 ಬೋರಿನ ಒಂಟಿ ನಳಿಗಿ ನೋಡ್ರಿ, ಅದಕ್ಕಿಂತ ಹೆಚ್ಚಿಂದು ನಮಗ ಬೇಕಿಲ್ಲ. ಕಾಡತೂಸ ಖಡಕಿ ಕಾರ್ಖಾನೇದು ಎಲ್ಲಾ ಅಂಗಡಿಯಾಗ ಸಿಗತೈತಿ. ಇಟಲಿಯ ದೊಡ್ಡ ಬೋರಿನ ರಿವಾಲ್ವರಿಗೆ ಕಾಡತೂಸ ಎಲ್ಲಿಂದ ತರ್ತೀರಿ? ಹಳೇ ಗನ್ನು ತಗೊಳ್ಳೋವಾಗ ಬಾಗಿಸಿ ನಳಿಗಿ ಒಳಗ ಬೆಳಕು ಹಾಯಿಸಿ ನೋಡ್ರಿ, ಉಂಗುರದಂಥ ನೆರಳು ಕಂಡರ ಅಲ್ಲಿ ಉಬ್ಬೈತಿ, ಬಿಟ್ಟು ಬಿಡ್ರಿ. ಮುಚ್ಚಿ ಅಲ್ಲಾಡಿಸಿದರ ಕೀಲು ಕಟಕಟ ಅನ್ನಬಾರದು. ಬ್ರಿಟಿಷರ ಕಾಲದ್ದು ಇದ್ರ ಕಾಡತೂಸದ ಮನಿ 65 ಮಿ.ಮೀ. ಇರಬಹುದು, ಈಗಿನ 70 ಮಿ.ಮೀ. ಕಾಡತೂಸ ಅದರಾಗ ಕೂಡತೈತಿ, ಆದ್ರ ಹೊಡದಾಗ ಬಾಯಿ ಬಿಚ್ಚಾಕ ಜಾಗ ಸಾಲಂಗಿಲ್ಲ, ಒತ್ತಡ ಏರತೈತಿ. ನಳಿಗಿ ಮ್ಯಾಲ ಹಾವಿನ ಚರ್ಮದಂಗ ಸುರುಳಿ ಸುರುಳಿ ಗೆರಿ ಇದ್ರ ಅದು ಪಟ್ಟಿ ಸುತ್ತಿ ಬೆಸದ ನಳಿಗಿ. ಕರೀ ಮದ್ದಿನ ಕಾಲದ್ದು, ಈಗಿನ ಕಾಡತೂಸ ಹಾಕಬ್ಯಾಡ್ರಿ, ಗ್ವಾಡಿಗೆ ತೂಗು ಹಾಕ್ರಿ. ಬಾಯಿಂದ ತುಂಬೋ ಬಂದೂಕಿಗೆ ಕಾಡತೂಸ ಒಡದು ತಗದ ಮದ್ದು ಹಾಕೋ ಶಾಣ್ಯಾತನ ಯಾರೂ ಮಾಡಬ್ಯಾಡ್ರಿ, ಮಾರಿ ಉಳಿಯಂಗಿಲ್ಲ.

ಖರೆ ಹೇಳ್ಬೇಕಂದ್ರ ನನ್ನ ಗನ್ನಿಗಿಂತ ನನ್ನ ಗೋವಿನಜೋಳ ಉಳಿಸಿದ್ದು ಸೋಲಾರ್ ಝಟಕಾ ಬೇಲಿ, ಇಬ್ಬರು ಪಾಳಿ ಮ್ಯಾಲ ಎಚ್ಚರ ಇರೋದು, ಮತ್ತ ಒಂದು ನಾಯಿ. ಝಟಕಾ ಮಶೀನಿಗೂ ಅದ ಪರೀಕ್ಷಾ: ಡಬ್ಬಿ ಬಿಚ್ಚಿ ತೋರಸಂದ್ರ ತೋರಸೋ ಅಂಗಡಿಯಾಂವನ ಕಡೆ ತಗೊಳ್ರಿ, ರಿಪೇರಿ ಎಲ್ಲಿ ಅಂತ ಮೊದಲ ಕೇಳ್ರಿ. ಮನಿ ಕರೆಂಟ್ ನೆಟ್ಟಗ ತಂತಿಗೆ ಕೊಡೋ ಪಾಪದ ಕೆಲಸ ಬ್ಯಾಡ, ಅದು ಹಂದಿ-ಮನುಷ್ಯಾ ಅಂತ ನೋಡಂಗಿಲ್ಲ. ಹಾಳಾದ ಬೆಳಿಗೆ ಫೋಟೋ ತಗದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕ್ರಿ. ಕೊಡೋದು ಕಮ್ಮಿ, ಖರೆ. ಅರ್ಜಿನ ಹಾಕದಿದ್ರ ನಮ್ಮ ಕಡೆ ಹಂದಿ ಕಾಟ ಐತಿ ಅನ್ನೋದ ಅವರ ದಫ್ತರಿನಾಗ ಬರಂಗಿಲ್ಲ.

ಇನ್ನೊಂದು. ಅಜ್ಜನ ಕಾಲದ ಬಂದೂಕು ಅಟ್ಟದ ಮ್ಯಾಲ ಇಟ್ಟವರು ಇದ್ರ, ಅಜ್ಜ ತೀರಿಕೊಂಡ ಮ್ಯಾಲ ಅದು ನಿಮ್ಮದು ಅಂತ ತಿಳಕೋಬ್ಯಾಡ್ರಿ. 2016ರ ಆಯುಧ ನಿಯಮದ ಪ್ರಕಾರ ವಾರಸದಾರ ತನ್ನ ಹೆಸರಿಗೆ ಲೈಸೆನ್ಸ್ ಕೇಳಬಹುದು. ಇಟ್ಟುಕೊಂಡಾವಗ 70 ವರ್ಷ ದಾಟಿದ್ರ, ಇಲ್ಲಾ 25 ವರ್ಷ ಇಟ್ಟುಕೊಂಡಿದ್ರ ಬದುಕಿದ್ದಾಗನೂ ಮಗನ ಹೆಸರಿಗೆ ಮಾಡಬಹುದು. ಅಲ್ಲಿವರೆಗೆ ಠಾಣೇಕ ಇಲ್ಲಾ ಲೈಸೆನ್ಸ್ ಇದ್ದ ಗನ್ ಅಂಗಡಿಯಾಗ ಜಮಾ ಮಾಡಿ ರಸೀದಿ ಇಟ್ಟುಕೊಳ್ರಿ.

ಅರ್ಜಿ ಬರಿಯಾಕ ಬರಲಾರದವರು ಲೈಸೆನ್ಸಿನ ಪುಸ್ತಕ, ಮರಣ ದಾಖಲಾ, ವಾರಸಾ ಕಾಗದ ತಗೊಂಡು ಉಗರಗೋಳಕ್ಕ ನಮ್ಮ ಮನೀಗೆ ಬರ್ರಿ. ಗನ್ನು ತರಬ್ಯಾಡ್ರಿ, ಕಾಗದ ಅಷ್ಟ. ಮಂಗಳವಾರ, ಶುಕ್ರವಾರ ಬ್ಯಾಡ, ಗುಡ್ಡಕ್ಕ ಹೋಗೋರ ಗದ್ದಲದಾಗ ಗಾಡಿ ಒಳಗ ಬರಂಗಿಲ್ಲ. ಎಮ್ಮಿ ಮಾರಾಕ ಹೊಂಟಾಂವಗ ಬ್ಯಾರೆನ ಹೇಳ್ತೇನಿ ತಮ್ಮಾ, ಗಿರಾಕಿಗೆ ಇವತ್ತ ಫೋನ್ ಮಾಡಿ ಇಲ್ಲ ಅನ್ನು, ಆ ಫೋಟೋ ಕಳಿಸಿದಾವನ ನಂಬರ್ ತಗದು ಹಾಕು.